ನಿಮ್ಮೂರಿನವರು ಯಾವ ಬೆಟಾಲಿಯನ್?

ಇಲ್ಲಿ ನ್ಯೂಜಿಲೆಂಡಿನಲ್ಲಿ ಯುದ್ಧಕ್ಕೆ ಹೋದವರನ್ನು ನೆನೆಯುವ ಆಂಜಾಕ್ ದಿನ, ಬೆಳಗಿನ ಜಾವದ ಕಾರ್ಯಕ್ರಮ ಮುಗಿಸಿ ಪಕ್ಕದ ಮನೆ ಆಂಟಿ ಜೊತೆ ಟೀ ಕುಡಿಯುತ್ತಿದ್ದೆವು. ಅವರು ಮಾವೋರಿ, ಅಂದರೆ ಇಲ್ಲಿನ ಮೂಲನಿವಾಸಿ. ಬಲಗಡೆ ಎದೆ ಮೇಲೆ ಅವರ ಅಪ್ಪನ ಪದಕಗಳಿದ್ದವು. ಪದಕ ಪಡೆದವರೇ ಹಾಕಿಕೊಂಡರೆ ಎಡಗಡೆ, ಮಕ್ಕಳು ಮೊಮ್ಮಕ್ಕಳು ಹಾಕಿಕೊಂಡರೆ ಬಲಗಡೆ, ಇಲ್ಲಿನ ಪದ್ಧತಿ ಅದು. ಆಂಟಿ ಸುಮ್ನೆ ನನ್ನ ಮಗಳನ್ನು ಕೇಳಿದರು, "ನಿಮ್ಮೂರಿನವರು ಯಾವ ಬೆಟಾಲಿಯನ್?" ಅವಳು ನನ್ನ ಮುಖ ನೋಡಿದಳು.

ಅವರಿಗೆ ಅದು ಮಾಮೂಲಿ ಪ್ರಶ್ನೆ. ಅಪ್ಪ 28ನೇ ಮಾವೋರಿ ಬೆಟಾಲಿಯನ್‌ನಲ್ಲಿದ್ದವರು. ಎರಡನೇ ಮಹಾಯುದ್ಧಕ್ಕೆಂದು 1940ರಲ್ಲಿ ಕಟ್ಟಿದ ಆ ಪಡೆಯಲ್ಲಿ ಕಂಪನಿಗಳನ್ನು, ಅಂದರೆ ತುಕಡಿಗಳನ್ನು, ಮಾಡಿದ್ದೇ ಕುಲ, ಸೀಮೆ ನೋಡಿ. ಉತ್ತರದವರು ಎ, ರೊಟೊರುವಾ ಕಡೆಯವರು ಬಿ, ಪೂರ್ವ ಕರಾವಳಿಯವರು ಸಿ, ಮಿಕ್ಕವರೆಲ್ಲ ಡಿ. ಕುದುರೆ ಸವಾರಿಗೆ ಹೆಸರಾದ ಸಿ ಕಂಪನಿಗೆ ಕೌಬಾಯ್ಸ್ ಅಂತ ಅಡ್ಡಹೆಸರು. ಅಣ್ಣ, ತಮ್ಮ, ಸೋದರಮಾವ ಎಲ್ಲ ಪಕ್ಕದಲ್ಲೇ ಇದ್ದರೆ ಧೈರ್ಯ ಜಾಸ್ತಿ ನಿಜ, ಆದರೆ ಒಂದು ಕೆಟ್ಟ ದಿನ ಬಂದರೆ ಒಂದೇ ಊರಿನ ಎಷ್ಟು ಮನೆಗೆ ಸಾವಿನ ಸುದ್ದಿ ಹೋಗಬೇಕು ನೋಡಿ. ಸುಮಾರು 3,600 ಜನ ಹೋದರು, 649 ಜನ ಸತ್ತರು. ಕಡ್ಡಾಯ ಭರ್ತಿ ಮಾವೋರಿಗಳಿಗೆ ಇರಲಿಲ್ಲ. ಎಲ್ಲರೂ ತಾವಾಗೇ ಸೇರಿದವರು.

ನನಗೆ ಆಶ್ಚರ್ಯ ಆಗಿದ್ದು, ಆಂಟಿ ಗೆದ್ದ ಕತೆಗಳನ್ನು ಅಷ್ಟಾಗಿ ಹೇಳಲೇ ಇಲ್ಲ. ಅವರು ಹೇಳಿದ್ದು ಇಟಲಿಯ ಕ್ಯಾಸಿನೊ. 1944ರ ಫೆಬ್ರವರಿಯ ಒಂದು ರಾತ್ರಿ ಎ, ಬಿ ಕಂಪನಿಯವರು ನೀರು ನಿಂತ ಬಯಲಿನಲ್ಲಿ ರೈಲು ಹಳಿಯ ಏರಿ ಹಿಡಿದು ಹೋಗಿ ಸ್ಟೇಷನ್ ವಶಪಡಿಸಿಕೊಂಡರು. ಜರ್ಮನ್ನರು ಆ ಏರಿಯನ್ನು ಅಲ್ಲಲ್ಲಿ ಒಡೆದಿದ್ದರು. ಬೆಳಗಾಗುವುದರೊಳಗೆ ಅದನ್ನು ಪೂರ್ತಿ ಸರಿಮಾಡಲು ಆಗಲಿಲ್ಲ, ಇವರ ಟ್ಯಾಂಕ್ ಬರಲಿಲ್ಲ. ಮಧ್ಯಾಹ್ನ ಜರ್ಮನ್ ಟ್ಯಾಂಕ್ ಬಂತು. ಹೋದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆಯಾದರು. ಅದೇ ರಾತ್ರಿ ಮೇಲಿನ ಗುಡ್ಡದಲ್ಲಿ ನಮ್ಮ 4ನೇ ಇಂಡಿಯನ್ ಡಿವಿಜನ್‌ನವರೂ ಸಾಯುತ್ತಿದ್ದರು.

ಆಗ ನನಗೆ ಮೈಸೂರು ಇನ್‌ಫೆಂಟ್ರಿ ಎಂಬ ಕಾಲಾಳು ಪಡೆ ನೆನಪಾಯಿತು. ಮಹಾರಾಜರ ಆ ಪಡೆ ಸಿಂಗಾಪುರದಲ್ಲಿತ್ತು, 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾದಾಗ ಜಪಾನಿಯರಿಗೆ ಸೆರೆಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ಈಗಿನ ಇಸ್ರೇಲಿನ ಹೈಫಾ ಊರು ಗೆದ್ದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇದೆ, ಭಾಷಣವೂ ಆಗುತ್ತೆ. ಸೆರೆಸಿಕ್ಕ ಈ ಇನ್‌ಫೆಂಟ್ರಿಯವರ ಸುದ್ದಿ ಮಾತ್ರ ನಾನು ಓದಿದ ಶಾಲೆಯಲ್ಲಿ ಯಾರೂ ಎತ್ತಲಿಲ್ಲ. ಗೆದ್ದವರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳೋದು ನಮಗೆ ಬಲು ಇಷ್ಟ ಅಲ್ವಾ?

ಇಷ್ಟನ್ನೂ ಹೇಳಿದೆ. ಆಂಟಿ ಕೇಳಿದರು, "ಅವರ ಮೊಮ್ಮಕ್ಕಳು ಎಲ್ಲಿ ಸೇರುತ್ತಾರೆ?"

ಮೈಸೂರು, ಮಂಡ್ಯ, ಹಾಸನದ ಕಡೆ ಇರುವವರು ಮನೆಯ ಹಿರಿಯರನ್ನು ಒಮ್ಮೆ ವಿಚಾರಿಸಿ. ಆ ಪಡೆಯಲ್ಲಿದ್ದ ಅಜ್ಜನೋ ಮುತ್ತಜ್ಜನೋ ಇದ್ದರೆ ನನಗೂ ಒಂದು ಸಾಲು ಬರೆಯಿರಿ.