ಲೀನಿಯರೋ, ಎಫ್‌ಎಮ್ಮೋ

2024 ನವೆಂಬರ್ 15, ಶುಕ್ರವಾರ, ರಾತ್ರಿ

ಇವತ್ತಿನ ಆನ್‌ಲೈನ್ ಮೀಟಿಂಗ್ ಕರೆದದ್ದು ನಾವು ಹ್ಯಾಮ್‌ಗಳು (ಹವ್ಯಾಸಿ ರೇಡಿಯೋದವರು) ಸೇರಿ ಮಾಡುತ್ತಿರುವ ಪುಟ್ಟ ಉಪಗ್ರಹದ ಆಂಟೆನಾ ಬಿಚ್ಚಿಕೊಳ್ಳುವ ವಿಷಯಕ್ಕೆ. ಅದು ಬೇಗ ಮುಗಿಯಿತು. ಸ್ಟೀಲ್ ಟೇಪಿನ ತುಂಡುಗಳನ್ನು ಮಡಚಿ ನೈಲಾನ್ ದಾರದಲ್ಲಿ ಬಿಗಿಯುವುದು, ರಾಕೆಟ್ಟಿನಿಂದ ಹೊರಬಿದ್ದು ಅರ್ಧ ಗಂಟೆ ಕಳೆದ ಮೇಲೆ ರೆಸಿಸ್ಟರ್ ಕಾಯಿಸಿ ದಾರ ಸುಡುವುದು. ಬಹಳ ಜನ ಮಾಡುವುದೇ ಅದು, ನಾವೂ ಅದನ್ನೇ ಮಾಡುತ್ತೇವೆ. ರೆಸಿಸ್ಟರ್ ಎರಡಿರಲಿ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತೆ ಅಂದರು ಮೇಷ್ಟ್ರು. ಯಾರೂ ಎದುರಾಡಲಿಲ್ಲ. ಮೇಷ್ಟ್ರಿಗೂ ಆಶ್ಚರ್ಯ ಆಗಿರಬೇಕು.

ಇನ್ನೇನು ಎಲ್ಲರೂ ಎದ್ದು ಹೋಗಬೇಕು, ಅಷ್ಟರಲ್ಲಿ ಟೆಲಿಮೆಟ್ರಿ ಬೋರ್ಡ್ (ಉಪಗ್ರಹದ ಸ್ಥಿತಿಗತಿ ಕೆಳಕ್ಕೆ ಕಳಿಸುವ ಭಾಗ) ಮಾಡುತ್ತಿರುವ ಹುಡುಗಿ ಮೈಕ್ ಆನ್ ಮಾಡಿದಳು. ಹ್ಯಾಮ್ ಲೈಸೆನ್ಸ್ ಹೊಸದು, ಮಾತು ಕಡಿಮೆ, ಸೋಲ್ಡರಿಂಗ್ ಮಾತ್ರ ನಮ್ಮೆಲ್ಲರಿಗಿಂತ ಚೊಕ್ಕ.

"ಸರ್, ಒಂದು ಕೇಳ್ಲಾ? ನನ್ನ ಹತ್ರ ಇರೋದು ಒಂದು ಹ್ಯಾಂಡಿ, ಕೈಯಲ್ಲಿ ಹಿಡಿಯೋ ಸೆಟ್. ಅದರಲ್ಲಿ ಎಫ್‌ಎಂ ಮಾತ್ರ. ಈ ಉಪಗ್ರಹದಲ್ಲಿ ನಾನು ಮಾತಾಡೋಕಾಗುತ್ತಾ?"

"ಇಲ್ಲಮ್ಮ, ಇದು ಲೀನಿಯರ್ ಟ್ರಾನ್ಸ್‌ಪಾಂಡರ್, ಒಂದು ಪಟ್ಟಿ ಫ್ರೀಕ್ವೆನ್ಸಿಯಲ್ಲಿ ಬಂದದ್ದನ್ನೆಲ್ಲ ಹಾಗೇ ಕೆಳಕ್ಕೆ ಕಳಿಸುತ್ತೆ. ಎಸ್‌ಎಸ್‌ಬಿ, ಅಂದ್ರೆ ಸಿಂಗಲ್ ಸೈಡ್‌ಬ್ಯಾಂಡ್ ಸೆಟ್ ಬೇಕು," ಅಂದರು ಮೇಷ್ಟ್ರು.

"ಹಾಗಾದ್ರೆ ನಾನು ಬೋರ್ಡ್ ಮಾಡ್ತಿರೋದು ನೀವು ಮಾತಾಡೋದಕ್ಕೆ."

ಕೊಂಕು ಇರಲಿಲ್ಲ. ಬೋರ್ಡಿನಲ್ಲಿ ಒಂದು ಕೆಪಾಸಿಟರ್ ತಪ್ಪಿದೆ ಅನ್ನುವ ಹಾಗೆ, ಇದ್ದದ್ದನ್ನು ಹೇಳಿದಳು. ಸ್ವಲ್ಪ ಹೊತ್ತು ಯಾರ ಮೈಕೂ ಆನ್ ಆಗಲಿಲ್ಲ.

ಮೇಷ್ಟ್ರು ಬಿಡುವವರಲ್ಲ, ಗೊತ್ತಲ್ಲ. "ನೋಡಮ್ಮ, ಎಫ್‌ಎಂ ಉಪಗ್ರಹ ಅಂದ್ರೆ ಒಂದೇ ಚಾನೆಲ್. ಯಾರ ಸಿಗ್ನಲ್ ಜೋರೋ ಅವರದ್ದೇ ಮಾತು, ಮಿಕ್ಕವರು ಅದರಡಿ ಹೂತುಹೋಗ್ತಾರೆ. ಉಪಗ್ರಹ ಮೇಲೆ ಹಾದುಹೋಗೋ ಹತ್ತು ನಿಮಿಷದ ಪಾಸ್‌ನಲ್ಲಿ ಕಾಲ್‌ಸೈನ್ ಹೇಳೋದರಲ್ಲೇ ಮುಗೀತು. ಲೀನಿಯರ್‌ನಲ್ಲಿ ಇಪ್ಪತ್ತು ಕಿಲೋಹರ್ಟ್ಸ್ ಇದ್ರೆ ಐದಾರು ಜೋಡಿ ಒಟ್ಟಿಗೆ ಕೂತು ಮಾತಾಡಬಹುದು. ನ್ಯಾಯ ಯಾವುದು ಹೇಳು."

"ಸೆಟ್ ಇದ್ದವರಿಗೆ ನ್ಯಾಯ," ಅಂದಳು.

ನನಗೆ ನಗು ಬಂತು. ಮೇಷ್ಟ್ರಿಗೂ ಬಂದಿರಬೇಕು, ಕ್ಯಾಮೆರಾ ಆಫ್ ಮಾಡಿದರು.

ಆಗಿನಿಂದ ಅದೇ ತಲೆಯಲ್ಲಿದೆ. ಇಬ್ಬರ ಮಾತೂ ಸರಿ. 2002ರಲ್ಲಿ ಹಾರಿದ ಎಫ್‌ಎಂ ಉಪಗ್ರಹ ಎಸ್‌ಒ-50 ಇವತ್ತಿಗೂ ಎಷ್ಟು ಜನರಿಗೆ ಮೊದಲ ಉಪಗ್ರಹ! ಒಂದು ಕೈಯಲ್ಲಿ ಮನೆಯಲ್ಲೇ ಮಾಡಿದ ಯಾಗಿ ಆಂಟೆನಾ, ಇನ್ನೊಂದರಲ್ಲಿ ಹ್ಯಾಂಡಿ. 74.4 ಹರ್ಟ್ಸ್ ಟೋನ್ ಕೊಟ್ಟು ಎಬ್ಬಿಸಿದರೆ ಹತ್ತು ನಿಮಿಷ ಎಚ್ಚರವಿರುತ್ತೆ, ಆಮೇಲೆ ಮಲಗುತ್ತೆ. ಕರೆಂಟ್ ಉಳಿಸೋಕೆ ಎಂಥ ಸರಳ ಉಪಾಯ ನೋಡಿ. ಡಾಪ್ಲರ್‌ಗೂ (ಉಪಗ್ರಹದ ವೇಗಕ್ಕೆ ಫ್ರೀಕ್ವೆನ್ಸಿ ಜರುಗುವುದು) ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 435 ಮೆಗಾಹರ್ಟ್ಸ್‌ನಲ್ಲಿ ಪಾಸ್ ಶುರುವಾದಾಗ ಹತ್ತು ಕಿಲೋಹರ್ಟ್ಸ್ ಮೇಲೆ, ಮುಗಿಯುವಾಗ ಹತ್ತು ಕೆಳಗೆ. ಐದೈದರಂತೆ ಇಳಿಸುತ್ತಾ ಬಂದರಾಯಿತು. ಎಸ್‌ಎಸ್‌ಬಿಯಲ್ಲಿ ಹಾಗಲ್ಲ, ನಾಬ್ ಮೇಲಿಂದ ಕೈ ತೆಗೆಯುವ ಹಾಗೇ ಇಲ್ಲ.

ಎರಡನ್ನೂ ಇಡೋಣ ಅಂತ ಗುಂಪಿನಲ್ಲಿ ಒಬ್ಬರು ಅಂದೇ ಅಂದರು. ಪ್ರತಿ ಮೀಟಿಂಗ್‌ನಲ್ಲೂ ಯಾರಾದರೊಬ್ಬರು ಇದನ್ನು ಹೇಳುತ್ತಾರೆ. ಹತ್ತು ಸೆಂಟಿಮೀಟರ್ ಪೆಟ್ಟಿಗೆ. ಒಂದು ಮುಖಕ್ಕೆ ನೆಟ್ಟಗೆ ಬಿಸಿಲು ಬಿದ್ದರೆ ಎರಡು ವ್ಯಾಟ್ ಆಸುಪಾಸು. ಉರುಳುತ್ತಾ, ಸುತ್ತಿಗೆ ಅರ್ಧ ಗಂಟೆಗಿಂತ ಜಾಸ್ತಿ ನೆರಳಿನಲ್ಲಿ ಕಳೆಯುತ್ತಾ ಹೋದರೆ, ಸರಾಸರಿ ಒಂದೂವರೆ ವ್ಯಾಟ್ ಸಿಕ್ಕಿದರೆ ಪುಣ್ಯ. ಬರೀ ಎಫ್‌ಎಂ ಆದರೆ ಆಂಪ್ಲಿಫೈಯರನ್ನು ಕ್ಲಾಸ್ ಸಿಯಲ್ಲಿ ಓಡಿಸಬಹುದು, ಹಾಕಿದ ಕರೆಂಟಿಗೆ ಒಳ್ಳೆ ಫಲ. ಲೀನಿಯರ್ ಆಂಪ್ಲಿಫೈಯರ್ ಸೋಮಾರಿ, ಬಹಳಷ್ಟು ಕರೆಂಟ್ ಶಾಖವಾಗಿ ಹೋಗುತ್ತೆ. ಆದರೆ ಎಸ್‌ಎಸ್‌ಬಿಯಲ್ಲಿ ಮಾತು ನಿಂತಾಗ ಸಿಗ್ನಲ್ಲೂ ಇಲ್ಲ, ಹಾಗಾಗಿ ಲೆಕ್ಕ ಸರಿಹೋಗುತ್ತೆ. ಒಂದೇ ಪೆಟ್ಟಿಗೆಯಲ್ಲಿ ಎರಡೂ ಬೇಕು ಅಂದರೆ ಎಫ್‌ಎಂ ಕೂಡ ಆ ಸೋಮಾರಿಯ ಮೂಲಕವೇ ಹೋಗಬೇಕು. ಎರಡು ಆಂಪ್ಲಿಫೈಯರ್ ಇಡೋಕೆ ಜಾಗ ಎಲ್ಲಿದೆ?

ಡೌನ್‌ಲಿಂಕ್, ಅಂದರೆ ಮೇಲಿಂದ ಕೆಳಕ್ಕೆ ಬರುವ ಸಿಗ್ನಲ್, 145 ಮೆಗಾಹರ್ಟ್ಸ್‌ನಲ್ಲೇ ಇರಲಿ ಅನ್ನುವುದರಿಂದ ಮಾತ್ರ ನಾನು ಜಗ್ಗುವುದಿಲ್ಲ. ಅಷ್ಟೇ ಗೇನ್ ಇರುವ ಆಂಟೆನಾದಲ್ಲಿ 435ಕ್ಕಿಂತ ಒಂಬತ್ತೂವರೆ ಡಿಬಿ (ಡೆಸಿಬೆಲ್) ಜೋರಾಗಿ ಕೇಳುತ್ತೆ. ಅಪ್‌ಲಿಂಕ್‌ನಲ್ಲಿ (ಕೆಳಗಿಂದ ಮೇಲಕ್ಕೆ) ಆ ನಷ್ಟ ನೆಲದ ಮೇಲಿರುವವರ ಪಾಲಿಗೆ ಬರುತ್ತೆ, ಬರಲಿ, ಕೆಳಗೆ ಕರೆಂಟಿಗೇನು ಬರ? ಆದರೆ 145.9ನ್ನು ಮೂರರಿಂದ ಗುಣಿಸಿದರೆ 437.7. ನಮ್ಮದೇ ಟ್ರಾನ್ಸ್‌ಮಿಟರಿನ ಹಾರ್ಮೋನಿಕ್ ಬಂದು ನಮ್ಮದೇ ರಿಸೀವರಿನ ಬ್ಯಾಂಡಿನಲ್ಲಿ ಕೂರುತ್ತೆ. ಅದಕ್ಕೇ ಅಪ್‌ಲಿಂಕ್ 435ರ ಬುಡದಲ್ಲಿ ಕೊಡಿ ಅಂತ ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಆರ್‌ಯು ಅವರನ್ನು ಕೇಳಬೇಕು. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಫಿಲ್ಟರ್ ಅಂತೂ ತಪ್ಪುವುದಿಲ್ಲ.

ಕಣ್ಣು ಉರಿಯುತ್ತಿದೆ. ಮಲಗಬೇಕಿತ್ತು.

ಅಂದ ಹಾಗೆ ಇವತ್ತಿಗೆ ಹ್ಯಾಮ್ ಉಪಗ್ರಹ ಎಒ-7 ಮೇಲೆ ಹೋಗಿ ಐವತ್ತು ವರ್ಷ. 1974ರ ನವೆಂಬರ್ 15. ಮೀಟಿಂಗ್‌ನಲ್ಲಿ ಒಬ್ಬರಿಗೂ ನೆನಪಾಗಲಿಲ್ಲ! 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ಸತ್ತೇಹೋಯಿತು ಅಂತ ಎಲ್ಲರೂ ಕೈಬಿಟ್ಟಿದ್ದರು. 2002ರಲ್ಲಿ ಮತ್ತೆ ಕೇಳಿಸಿತು. ಶಾರ್ಟ್ ಆಗಿದ್ದ ಬ್ಯಾಟರಿ ಅಷ್ಟು ವರ್ಷದ ಮೇಲೆ ಓಪನ್ ಆಗಿ ಸರ್ಕ್ಯೂಟಿನಿಂದ ಕಳಚಿಕೊಂಡಿತ್ತು, ಪ್ಯಾನೆಲ್‌ಗಳ ಕರೆಂಟ್ ನೇರ ಒಳಗೆ ಹರಿಯಿತು. ಈಗಲೂ ಬಿಸಿಲಿಗೆ ಬಂದರೆ ಏಳುತ್ತೆ, ನೆರಳಿಗೆ ಹೋದರೆ ಸಾಯುತ್ತೆ. ಅದರಲ್ಲಿ ಯಾರಾದರೂ ಪವರ್ ಜಾಸ್ತಿ ಮಾಡಿದಾಗ ಕೇಳಬೇಕು. ಬ್ಯಾಟರಿಯ ಆಸರೆ ಇಲ್ಲದೆ ಒಳಗಿನ ವೋಲ್ಟೇಜ್ ಕುಸಿಯುತ್ತೆ, ಅವರು ಒಂದೊಂದು ಪದ ಒತ್ತಿ ಹೇಳಿದಾಗಲೂ ಪಕ್ಕದವರ ದನಿ ಜೋಲಿ ಹೊಡೆಯುತ್ತೆ. ಒಬ್ಬನ ದುರಾಸೆ ಎಲ್ಲರ ಕಿವಿಗೂ ಗೊತ್ತಾಗುತ್ತೆ.

ಭಾರತದ ಹ್ಯಾಮ್ ಉಪಗ್ರಹ ವಿಒ-52ಗೆ ಆ ಅದೃಷ್ಟ ಇರಲಿಲ್ಲ. 2005ರಿಂದ ಚೆನ್ನಾಗಿ ನಡೆದು 2014ರಲ್ಲಿ ಬ್ಯಾಟರಿ ಕೈಕೊಟ್ಟು ನಿಂತಿತು, ಮತ್ತೆ ಏಳಲಿಲ್ಲ. ಅದರ ಡೌನ್‌ಲಿಂಕ್ ಎಷ್ಟು ಸಲೀಸಾಗಿ ಕೇಳುತ್ತಿತ್ತು ಅಂತ ಮೇಷ್ಟ್ರು ಇನ್ನೂ ಹೇಳುತ್ತಿರುತ್ತಾರೆ.

ಹಾಗಾಗಿ ನಮ್ಮದರಲ್ಲಿ ಬ್ಯಾಟರಿ ಕೆಟ್ಟರೆ ಅದನ್ನು ಕತ್ತರಿಸಿ ಪಕ್ಕಕ್ಕಿಡುವ ಸ್ವಿಚ್ ಇರಲೇಬೇಕು. ಐನೂರು ಕಿಲೋಮೀಟರ್ ಎತ್ತರದಲ್ಲಿ ಐವತ್ತು ವರ್ಷದ ಮಾತೇ ಇಲ್ಲ, ಕೆಲವು ವರ್ಷದಲ್ಲಿ ಇಳಿದು ಸುಟ್ಟುಹೋಗುತ್ತೆ, ಹೋಗಲೂ ಬೇಕು. ಆದರೂ ಆ ಕೆಲವು ವರ್ಷ ಪೂರ್ತಿ ಸಿಗಲಿ ಅಲ್ವಾ?

ಇದನ್ನು ಬರೆಯುವಾಗಲೇ ಆ ಹುಡುಗಿಯ ಮೆಸೇಜ್ ಬಂತು. "ಸರ್, ಬ್ಯಾಟರಿ ಇಲ್ಲದೆ ಪ್ರತಿ ಸುತ್ತಿನಲ್ಲೂ ರೀಬೂಟ್ ಆದ್ರೆ, ಯಾವ ಮೋಡ್‌ನಲ್ಲಿ ಏಳಬೇಕು ಅಂತ ಬರೀಲಿ?"

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಎರಡೂ ಮೋಡ್ ಇಟ್ಟರೂ, ಆಗ ಕಮಾಂಡ್ ಕೊಟ್ಟು ಬದಲಾಯಿಸಿದರೂ ಮುಂದಿನ ನೆರಳಿನವರೆಗೆ ಅಷ್ಟೇ. ಎದ್ದಾಗ ಯಾವ ಮೋಡೋ ಕೊನೆಯವರೆಗೂ ಅದೇ ಮೋಡ್ ಅಂದುಕೊಳ್ಳಿ. ಲೀನಿಯರ್ ಅಂತ ಬರೆದರೆ ಮೇಷ್ಟ್ರ ಉಪಗ್ರಹ, ಎಫ್‌ಎಂ ಅಂತ ಬರೆದರೆ ಅವಳದು. ಎಫ್‌ಎಂ ಅಂತಲೇ ಬರಿ ಅನ್ನೋಣ ಅನ್ನಿಸುತ್ತೆ. ಆದರೆ ಎಫ್‌ಎಂ ಕ್ಯಾರಿಯರ್ ಮಾತಿರಲಿ ಬಿಡಲಿ ಒಂದೇ ಸಮ ಪವರ್ ಎಳೆಯುತ್ತೆ. ಉರುಳುವಾಗ ಪ್ಯಾನೆಲ್ ಒಂದು ಸೆಕೆಂಡ್ ಓರೆಯಾದರೂ ವೋಲ್ಟೇಜ್ ಇಳಿದು ಮತ್ತೆ ರೀಬೂಟ್, ಮತ್ತೆ ಎಫ್‌ಎಂ, ಮತ್ತೆ ರೀಬೂಟ್. ಪವರ್ ಕಾಲು ಭಾಗಕ್ಕೆ ಇಳಿಸಿ ಎದ್ದರೆ? ಆಗ ಹ್ಯಾಂಡಿಯಲ್ಲಿ ಕೇಳಬೇಕಲ್ಲ. 145ರಲ್ಲಿ, ಪಾಸ್ ತಲೆ ಮೇಲೇ ಇದ್ದರೆ ಕೇಳಬಹುದೇನೋ, ದಿಗಂತದ ಹತ್ತಿರ ಇದ್ದಾಗ ದೂರ ನಾಲ್ಕು ಪಟ್ಟಿಗೂ ಜಾಸ್ತಿ, ಅಂದರೆ ಇನ್ನೂ ಹನ್ನೆರಡು ಡಿಬಿ ನಷ್ಟ, ಅದನ್ನು…