ಕಟ್ಟ ಕಟ್ಟಲು ಹೋದ ಬೀದರಿನವನು

ಹೋದ ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿ ದಕ್ಷಿಣ ಕನ್ನಡದ ವಿಟ್ಲದ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ. ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲೇ ಇದ್ದ ಗೆಳೆಯನ ಊರು. ನನ್ನ ಲೆಕ್ಕ ಏನಿತ್ತೆಂದರೆ ಸಮುದ್ರ ನೋಡೋದು, ಮೀನು ತಿನ್ನೋದು, ಅಡಿಕೆ ತೋಟದ ನೆರಳಲ್ಲಿ ಸುಮ್ನೆ ಬಿದ್ದುಕೊಳ್ಳೋದು. ಅವರ ಮನೆಯಲ್ಲಿ ಮೀನು ಮಾಡಲ್ಲ ಅನ್ನೋದು ಬಸ್ಸಿಳಿದ ಮೇಲೆ ನೆನಪಾಯಿತು. ಸಮುದ್ರ ಕೊನೆಯ ದಿನ ಅರ್ಧ ಗಂಟೆ ಸಿಕ್ಕಿತು. ಉಳಿದ ಟೈಮಿನಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತು ಕಲ್ಲು ಹೊತ್ತೆ.

ಯಾಕೆಂದರೆ ಅದು ಅವರಿಗೆ ಕಟ್ಟ ಕಟ್ಟುವ ವಾರ. ಕಟ್ಟ ಅಂದರೆ ಮಣ್ಣು ಕಲ್ಲಿನ ತಾತ್ಕಾಲಿಕ ಒಡ್ಡು. ನಾವು ಹಳ್ಳ ಅನ್ನುವುದಕ್ಕೆ ಅವರು ತೋಡು ಅನ್ನುತ್ತಾರೆ. ಮಳೆಗಾಲ ಮುಗಿದು ತೋಡಿನ ಹರಿವು ಸಣ್ಣಗಾಗುತ್ತಿದ್ದ ಹಾಗೆ ಅದಕ್ಕೆ ಅಡ್ಡಲಾಗಿ ಕಲ್ಲು, ಮಣ್ಣು, ಅಡಿಕೆ ಮರದ ಸೀಳು, ಮರಳು ತುಂಬಿದ ಗೊಬ್ಬರದ ಚೀಲ ಎಲ್ಲಾ ಸೇರಿಸಿ ನಾಲ್ಕೈದು ಅಡಿ ಎತ್ತರದ ಗೋಡೆ ಎಬ್ಬಿಸುತ್ತಾರೆ. ಈಗ ನಡುವೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ, ಸೋರೋದು ಕಮ್ಮಿ. ಜೂನ್ ಮಳೆ ಬರೋ ಹೊತ್ತಿಗೆ ಅದನ್ನು ಬಿಚ್ಚಿ ಕಲ್ಲುಗಳನ್ನು ದಡಕ್ಕೆ ಪೇರಿಸಿಡಬೇಕು, ಇಲ್ಲದಿದ್ದರೆ ತೋಡು ತಾನೇ ಹೊತ್ತುಕೊಂಡು ಹೋಗುತ್ತದೆ. ಮುಂದಿನ ಡಿಸೆಂಬರಿನಲ್ಲಿ ಮತ್ತೆ ಮೊದಲಿನಿಂದ.

ಮೊದಲ ದಿನ ಇದನ್ನು ಕೇಳಿ ನನಗೆ ನಗು ಬಂತು. "ಕಾಕಾ, ಪ್ರತಿ ವರ್ಷ ಯಾಕ್ರಿ ಈ ತ್ರಾಸು? ಒಮ್ಮೆ ಸಿಮೆಂಟ್ ಹಾಕಿ ಪಕ್ಕಾ ಕಟ್ಟಿಬಿಟ್ರ ಆಯ್ತಲ್ಲ?" ಎಂದೆ. ಗೆಳೆಯನ ಅಪ್ಪ, ಚೀಲದ ಬಾಯಿ ಹೊಲಿಯುತ್ತಿದ್ದವರು, ತಲೆ ಎತ್ತಿ ನೋಡಿದರು. "ಸಿಮೆಂಟಿನದ್ದೂ ಉಂಟು ಮಾರಾಯ್ರೆ ಕೆಳಗೆ. ಹಲಗೆ ಹಾಕ್ಲಿಕ್ಕೆ ಜನ ಇಲ್ಲ ಅಷ್ಟೇ."

ಸಂಜೆ ಹೋಗಿ ನೋಡಿದೆ. ಅರ್ಧ ಕಿಲೋಮೀಟರ್ ಕೆಳಗೆ ಒಂದು ಕಿಂಡಿ ಅಣೆಕಟ್ಟು. ಕಂಬಗಳ ನಡುವೆ ಕಿಂಡಿಗಳು, ಮಳೆ ನಿಂತ ಮೇಲೆ ಆ ಕಿಂಡಿಗಳಿಗೆ ಹಲಗೆ ಇಳಿಸಿ ನಡುವೆ ಮಣ್ಣು ತುಂಬಿದರೆ ನೀರು ನಿಲ್ಲುತ್ತದೆ. ಹಲಗೆಗಳು ಎಲ್ಲೋ ಶೆಡ್ಡಿನಲ್ಲಿದ್ದವಂತೆ, ಬೀಗದ ಕೈ ಇನ್ಯಾರ ಹತ್ತಿರವೋ ಇತ್ತಂತೆ. ಅಣೆಕಟ್ಟು ನೋಡೋಕೆ ಗಟ್ಟಿಯಾಗಿ, ಚೆಂದವಾಗಿ ನಿಂತಿತ್ತು, ನೀರು ಮಾತ್ರ ಕಿಂಡಿಯಿಂದ ಆರಾಮಾಗಿ ಹೊರಟಿತ್ತು. ಹಾಗಂತ ಕಿಂಡಿ ಅಣೆಕಟ್ಟೇ ದಂಡ ಅಂತ ಹೇಳ್ತಿಲ್ಲ. ಹೊಳೆ ಸಮುದ್ರ ಸೇರುವ ಕಡೆ ಅದು ಬೇಕೇ ಬೇಕು. ಬೇಸಿಗೆಯಲ್ಲಿ ಹೊಳೆಯ ನೀರು ಇಳಿದರೆ ಭರತದ ಹೊತ್ತಿಗೆ ಉಪ್ಪುನೀರು ಒಳಗೆ ನುಗ್ಗಿ ದಡದ ಬಾವಿಗಳನ್ನು ಕೆಡಿಸುತ್ತದೆ, ಅದನ್ನು ತಡೆಯೋದು ಆ ಹಲಗೆಗಳೇ. ಆದರೆ ಅವನ್ನು ಸರಿಯಾದ ವಾರದಲ್ಲಿ ಯಾರಾದರೂ ಇಳಿಸಬೇಕು ಅಲ್ವಾ.

ನಾನು ಬೀದರಿನವನು. ನಮ್ಮಲ್ಲಿ ವರ್ಷಕ್ಕೆ 850 ಮಿಲಿಮೀಟರ್ ಆಸುಪಾಸು ಮಳೆ. ಅವರಲ್ಲಿ ಹೆಚ್ಚುಕಡಿಮೆ 4000. ಇಷ್ಟು ಮಳೆ ಬೀಳುವವರಿಗೆ ನೀರಿನ ಚಿಂತೆ ಯಾಕೆ ಅನ್ನೋದು ನನ್ನ ಮೂಲ ಪ್ರಶ್ನೆ. ಆದರೆ 2019ರ ಮೇ ತಿಂಗಳಲ್ಲಿ ಮಂಗಳೂರಿನಲ್ಲೇ ನಲ್ಲಿ ನೀರನ್ನು ಸರದಿ ಮೇಲೆ ಬಿಟ್ಟರು, ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿ ತಳ ಕಂಡಿತ್ತು. 2023ರಲ್ಲಿ ಮತ್ತೆ ಅದೇ ಕಥೆ. ಕಾರಣ ಸುಲಭ. ಘಟ್ಟದಿಂದ ಸಮುದ್ರಕ್ಕೆ ದೂರ ಬಹಳ ಕಮ್ಮಿ, ಇಳಿಜಾರು ಜಾಸ್ತಿ. ನೇತ್ರಾವತಿಯ ಪೂರ್ತಿ ಉದ್ದ ನೂರು ಕಿಲೋಮೀಟರಿನ ಸುತ್ತಮುತ್ತ. ನಮ್ಮ ಮಾಂಜ್ರಾ 724 ಕಿಲೋಮೀಟರ್ ಸುತ್ತಿ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಹೊರಟು ತೆಲಂಗಾಣದಲ್ಲಿ ಗೋದಾವರಿ ಸೇರಿ, ಆಮೇಲೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅವರ ಗುಡ್ಡದ ಮೇಲೆ ಬೆಳಿಗ್ಗೆ ಬಿದ್ದ ಮಳೆ ಮರುದಿನಕ್ಕೆ ಅರಬ್ಬಿ ಸಮುದ್ರ. ಹಿಡಿದಿಟ್ಟುಕೊಳ್ಳದಿದ್ದರೆ 4000 ಇದ್ದರೂ ಅಷ್ಟೇ, 850 ಇದ್ದರೂ ಅಷ್ಟೇ.

ಇನ್ನು ಕೆಲಸದ ವಿಷಯ. ಆ ತೋಡಿನಲ್ಲಿ ಅದೊಂದೇ ಕಟ್ಟ ಅಲ್ಲ. ಮೇಲೊಂದು, ಕೆಳಗೊಂದು, ಅದರ ಕೆಳಗೆ ಇನ್ನೊಂದು. ಒಂದರ ಹಿನ್ನೀರು ಮೇಲಿನದರ ಬುಡ ಮುಟ್ಟಬೇಕು, ಆಗ ತೋಡು ಉದ್ದಕ್ಕೂ ತುಂಬಿರುತ್ತದೆ. ನೀರು ಪಕ್ಕಕ್ಕೆ ಇಂಗಿ ತೋಟದ ಬಾವಿಗಳಲ್ಲಿ ಏರುತ್ತದೆ. ಇದಕ್ಕೆ ಎಂಟು ಮನೆಯವರು ಒಪ್ಪಬೇಕು. ಒಪ್ಪಿಸೋದೇ ನಿಜವಾದ ಕೆಲಸ, ಕಲ್ಲು ಹೊರೋದಲ್ಲ. ಮೇಲಿನವನು ಬೇಗ ಕಟ್ಟಿದರೆ ಕೆಳಗಿನವನಿಗೆ ನೀರಿಲ್ಲ, ತಡವಾಗಿ ಕಟ್ಟಿದರೆ ಹರಿವೇ ಮುಗಿದಿರುತ್ತದೆ. ನಾನಿದ್ದಾಗಲೇ ಒಬ್ಬರು ಬಂದು ತೋಡಿನಾಚೆ ನಿಂತು ಹತ್ತು ನಿಮಿಷ ಬೈದು ಹೋದರು, ತುಳುವಿನಲ್ಲಿ, ನನಗೆ ಒಂದಕ್ಷರ ತಿಳಿಯಲಿಲ್ಲ. ಮಧ್ಯಾಹ್ನ ಅದೇ ಮನುಷ್ಯ ಎರಡು ಬುಟ್ಟಿ ಮಣ್ಣು ಹೊತ್ತು ತಂದು ನಮ್ಮ ಪಕ್ಕದಲ್ಲೇ ಊಟಕ್ಕೆ ಕೂತ.

ಸೋರುವ ಜಾಗ ಹುಡುಕುವ ರೀತಿ ನನಗೆ ಭಾಳ ಹಿಡಿಸಿತು. ಕಟ್ಟ ಮುಗಿದ ಮೇಲೆ ಗೆಳೆಯನ ಅಪ್ಪ ಮೇಲಿನ ಬದಿಯಲ್ಲಿ ನೀರಿಗಿಳಿದು, ಬಗ್ಗಿ, ಅಂಗೈಯನ್ನು ಗೋಡೆಯ ಉದ್ದಕ್ಕೂ ಮೆಲ್ಲಗೆ ಸರಿಸುತ್ತಾ ಹೋದರು, ಎಮ್ಮೆಯ ಮೈ ಸವರಿದ ಹಾಗೆ. ಒಂದು ಕಡೆ ಕೈ ನಿಂತಿತು. "ಇಲ್ಲಿ ಎಳೀತದೆ" ಎಂದರು. ನನ್ನ ಕೈಯನ್ನೂ ಅಲ್ಲಿಟ್ಟರು. ಹೌದು, ಬೆರಳ ಸಂದಿಯಿಂದ ನೀರು ತಣ್ಣಗೆ ಒಳಕ್ಕೆ ಎಳೆಯುತ್ತಿತ್ತು. ಒಂದು ಹಿಡಿ ಸೊಪ್ಪು, ಅದರ ಮೇಲೆ ಒಂದು ಹಿಡಿ ಅಂಟುಮಣ್ಣು, ಮೇಲೆ ಹಿಮ್ಮಡಿಯಿಂದ ಒಂದು ಒತ್ತು. ನಿಂತಿತು.

ಇವೆಲ್ಲಾ ನಡುವೆ ನಿಂತುಹೋಗಿದ್ದವಂತೆ. ಬೋರ್‌ವೆಲ್ ಬಂತು, ಪಂಪು ಬಂತು, ಕೂಲಿ ಏರಿತು, ಮಕ್ಕಳು ಬೆಂಗಳೂರಿಗೆ ಹೋದರು, ಕಟ್ಟ ಯಾರಿಗೆ ಬೇಕು? ಬೋರಿನಲ್ಲಿ ನೀರು ಬರೋದು ನಿಂತಾಗ ಮತ್ತೆ ಹಳೇ ಕಲ್ಲುಗಳು ನೆನಪಾದವು. ಗಡಿಯಾಚೆ ಕಾಸರಗೋಡಿನ ಏತಡ್ಕ ಅನ್ನೋ ಊರಿನಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟಗಳನ್ನು ಕಟ್ಟುವ ರೂಢಿ ಉಳಿದುಕೊಂಡಿದೆ ಎಂದು ಅವರೇ ಹೇಳಿದ್ದು.

ಮೂರನೇ ದಿನ ಗುಡ್ಡಕ್ಕೆ ಕರೆದುಕೊಂಡು ಹೋದರು. ಗುಡ್ಡದ ಹೊಟ್ಟೆಗೆ ಒಂದು ತೂತು, ಬಗ್ಗಿ ಹೋಗುವಷ್ಟು ಎತ್ತರ, ಒಳಗಿನಿಂದ ಕಿರುಬೆರಳಿನಷ್ಟು ನೀರು ಸದಾ ಬರುತ್ತಿದೆ. "ಇದಕ್ಕೆ ಏನಂತೀರಿ?" ಎಂದೆ. "ಸುರಂಗ" ಎಂದರು.

ನಾನು ಅಲ್ಲೇ ಕೂತುಬಿಟ್ಟೆ. ಯಾಕೆಂದರೆ ಬೀದರಿನ ನೌಬಾದಿನಲ್ಲಿ ನಮ್ಮದೂ ಒಂದಿದೆ. ನಾವೂ ಅದಕ್ಕೆ ಸುರಂಗ ಬಾವಿ ಎಂದೇ ಅನ್ನುತ್ತೇವೆ, ಓದಿದವರು ಕರೇಜ್ ಅನ್ನುತ್ತಾರೆ. ಕಲ್ಲೂ ಹೆಚ್ಚುಕಡಿಮೆ ಅದೇ, ಕೆಂಪಗೆ, ತೂತುತೂತಾಗಿ. ನಾವು ಮುರುಮು ಅನ್ನೋದಕ್ಕೆ ಅವರು ಮುರಕಲ್ಲು ಅನ್ನುತ್ತಾರೆ. ಏಳೆಂಟುನೂರು ಕಿಲೋಮೀಟರ್ ಬಸ್ಸಿನಲ್ಲಿ ಬೆನ್ನು ಮುರಿದುಕೊಂಡು ಹೋಗಿ ನಮ್ಮ ಊರಿನ ಕಲ್ಲನ್ನೇ ನೋಡಿ ಬಂದೆ.

ಅವರ ಸುರಂಗ ಒಂದು ಮನೆಯದು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ಬಗ್ಗೆ ನೀವೂ ಓದಿರಬಹುದು. ಬೇರೆಯವರ ತೋಟದಲ್ಲಿ ಕೂಲಿ ಮಾಡಿಕೊಂಡಿದ್ದವರು, ಬೋಳು ಗುಡ್ಡದ ಜಾಗ ಸಿಕ್ಕಾಗ ಒಬ್ಬರೇ ಸುರಂಗ ಕೊರೆದರು. ಒಂದಾದ ಮೇಲೊಂದು ಸುರಂಗ ಒಣಗಿಯೇ ಬಂದರೂ ಬಿಡಲಿಲ್ಲ, ಕೊನೆಗೆ ನೀರು ಬಂತು, ತೋಟ ಎದ್ದಿತು, 2022ರಲ್ಲಿ ಪದ್ಮಶ್ರೀ ಕೊಟ್ಟರು. ನಮ್ಮ ಸುರಂಗ ಬಾವಿ ರಾಜರ ಕಾಲದ್ದು. 15ನೇ ಶತಮಾನದಲ್ಲಿ ಬಹಮನಿಯವರು ಕಲಬುರಗಿ ಬಿಟ್ಟು ಬೀದರಿಗೆ ಬಂದ ಮೇಲೆ ಪರ್ಷಿಯಾದ ಕಸುಬು ತಂದು ಮಾಡಿಸಿದ್ದು. ಮೇಲೆ ತಾಯಿಬಾವಿ, ಅಲ್ಲಿಂದ ನೆಲದೊಳಗೆ ಕಿಲೋಮೀಟರುಗಟ್ಟಲೆ ಸ್ವಲ್ಪವೇ ಇಳಿಜಾರಿನ ಕಾಲುವೆ, ನಡುನಡುವೆ ಗಾಳಿಬಾವಿಗಳು. ಪಂಪಿಲ್ಲ, ರಾಟೆಯಿಲ್ಲ, ನೀರು ತಾನೇ ನಡೆದುಕೊಂಡು ಬರಬೇಕು.

ಇದು ಕೆಲಸ ಮಾಡೋದು ಹೇಗೆ ಅಂದರೆ, ನಮ್ಮ ಬೀದರ್ ಒಂದು ದೊಡ್ಡ ಸ್ಪಂಜಿನ ಮೇಲೆ ಕೂತಿದೆ. ಮೇಲೆ ಮುರುಮು, ಅದು ಮಳೆ ಕುಡಿಯುತ್ತದೆ. ಕೆಳಗೆ ಜೇಡಿ, ಅದರ ಕೆಳಗೆ ಕಪ್ಪು ಕಲ್ಲು, ಅದು ಕುಡಿಯಲ್ಲ. ಇಳಿದ ನೀರು ಅಲ್ಲಿ ನಿಂತು ಪಕ್ಕಕ್ಕೆ ಸರಿದು ಗುಡ್ಡದ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ನಾನಕ್ ಝೀರಾ, ಪಾಪನಾಶ, ಎದೆಮಟ್ಟದ ನೀರಿನಲ್ಲಿ ಬಾವಲಿಗಳ ಕೆಳಗೆ ನಡೆದು ದರ್ಶನ ಮಾಡುವ ಝರಣಿ ನರಸಿಂಹ, ಎಲ್ಲಾ ಅದೇ ನೀರು. ಯಾವ ದೇವರಿಗೆ ನಡೆದುಕೊಂಡರೂ ಬೀದರಿನವರು ಮುರುಮಿನ ನೀರನ್ನೇ ತಲೆಗೆ ಚಿಮುಕಿಸಿಕೊಳ್ಳೋದು.

ಅಂಥ ಸುರಂಗ ಬಾವಿಗೆ ನಾವು ಏನು ಮಾಡಿದೆವು? ನಾನು ಏನು ಮಾಡಿದೆ ಅಂತ ಮೊದಲು ಹೇಳುತ್ತೇನೆ. ಸಾಲಿಯಲ್ಲಿದ್ದಾಗ ಗಾಳಿಬಾವಿಗೆ ಕಲ್ಲು ಹಾಕಿ ಸದ್ದು ಬರೋತನಕ ಎಣಿಸೋದು ನಮ್ಮ ಆಟ. ಊರಿನವರು ಕಲ್ಲಿನ ಬದಲು ಕಸ ಹಾಕಿದರು. ಎಷ್ಟೋ ಗಾಳಿಬಾವಿಗಳು ಮುಚ್ಚಿಹೋದವು, ಸುತ್ತ ಲೇಔಟು ಬಂತು. ಕೇರಳದಿಂದ ಬಂದ ಭೂಗೋಳದ ಮೇಷ್ಟ್ರು ಗೋವಿಂದನ್‌ಕುಟ್ಟಿ ಅವರು ನೆಲದಡಿಯ ಈ ಕಾಲುವೆಗಳ ಜಾಡು ಹಿಡಿದು ನಕ್ಷೆ ಮಾಡಿದರು, ಆಮೇಲೆ ಸುಮಾರು ಹತ್ತು ವರ್ಷದ ಹಿಂದೆ ನೌಬಾದಿನಲ್ಲಿ ಹೂಳು ತೆಗೆದರು, ಒಳಗೆ ನೀರು ಕಂಡಿತು, ಊರಿಗೆ ಊರೇ ಹೋಗಿ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಿತು. ನಾನೂ ಹೊಡೆದೆ. ಆಮೇಲೆ ಮತ್ತೆ ಆ ಕಡೆ ಹೋಗಿರಲಿಲ್ಲ. ವಿಟ್ಲದಿಂದ ಬಂದ ಮೇಲೆ ಹೋದರೆ ಒಂದು ಗಾಳಿಬಾವಿಯ ಪಕ್ಕ ಮದುವೆ ಊಟದ ಥರ್ಮಾಕೋಲ್ ತಟ್ಟೆಗಳು ಬಿದ್ದಿದ್ದವು.

ನಮ್ಮ ಓಣಿಯ ಬಾವಿಯ ಕಥೆಯೂ ಹೀಗೇ. 2016ರ ಬರ ನೆನಪಿದೆಯಲ್ಲ, ಪಕ್ಕದ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ನೀರು ತಂದರಲ್ಲ, ಆ ವರ್ಷ. ಲಾತೂರಿನಲ್ಲಿ ನಮ್ಮ ಅತ್ತೆ ಇದ್ದಾರೆ, ದಿನಾ ಫೋನಿನಲ್ಲಿ ಎಷ್ಟು ಕೊಡ ಸಿಕ್ಕಿತು ಅನ್ನೋದೇ ಮಾತು. ಹೆದರಿಕೆಗೆ ನಮ್ಮ ಓಣಿಯ ಹನ್ನೆರಡು ಮನೆಯವರು ದುಡ್ಡು ಹಾಕಿ, ಇಳಿದು, ಹಳೇ ಬಾವಿಯ ಹೂಳು ತೆಗೆದೆವು. ನಾಲ್ಕು ಟ್ರಾಕ್ಟರ್ ಕೆಸರು. ಪ್ಲಾಸ್ಟಿಕ್ ಕೊಡ, ಸ್ಕೂಟರಿನ ಸೀಟು, ಗಣಪತಿಯ ಕಂಬಿ, ಒಂದು ಪೂರ್ತಿ ಹೊಲಿಗೆ ಯಂತ್ರ. ನೀರು ಬಂತು. ಪೂಜೆ ಮಾಡಿದೆವು. ಮೇಲೆ ಕಬ್ಬಿಣದ ಜಾಲಿ ಹಾಕಿಸಿದೆವು. ಮುಂದಿನ ವರ್ಷ ಮಳೆ ಚೆನ್ನಾಯಿತು, ಬಾವಿ ಮರೆತೆವು. ಜಾಲಿ ತುಕ್ಕು ಹಿಡಿದು ಒಂದು ಮೂಲೆ ಹರಿಯಿತು, ಕಸ ಅಲ್ಲಿಂದಲೇ ಒಳಗೆ ಹೋಗತೊಡಗಿತು. ಸಂಬಂಧಪಟ್ಟ ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟೆವು. ನೋಡ್ತೀವಿ ಅಂದರು. ಅವರನ್ನು ಬೈದುಕೊಂಡೇ ನಾಲ್ಕು ವರ್ಷ ಕಳೆದೆವು, ಒಂದು ಮೂಲೆಯ ಜಾಲಿ ಹೊಲಿಯೋದು ಅರ್ಧ ಗಂಟೆಯ ಕೆಲಸ ಅನ್ನೋದು ಯಾರ ತಲೆಗೂ ಹೋಗಲಿಲ್ಲ.

ಜನವರಿಯಲ್ಲಿ ಇದನ್ನೆಲ್ಲಾ ಓಣಿಯ ಕಟ್ಟೆಯ ಮೇಲೆ ಕೂತು ಹೇಳಿದೆ, ಸ್ವಲ್ಪ ಭಾಷಣದ ಹಾಗೇ ಆಯಿತು. ಓಡುವ ನೀರನ್ನು ನಡೆಸಬೇಕು ಅಂತೆಲ್ಲಾ ಗೋಡೆ ಮೇಲೆ ಬರೆದ ಮಾತುಗಳನ್ನೂ ಸೇರಿಸಿದೆ. "ಹೌದ್ರಿ, ಮಾಡಬೇಕ್ರಿ" ಎಂದರು ಎಲ್ಲರೂ. ಬೀದರಿನಲ್ಲಿ ಹೌದ್ರಿ ಅಂದರೆ ಏನರ್ಥ ಅಂತ ನಮಗೆಲ್ಲಾ ಗೊತ್ತು.

ದಾರಿ ಹುಡುಕಿದ್ದು ನನ್ನ ಹೆಂಡತಿ. ಓಣಿಯ ಹೆಂಗಸರು ಭೀಸಿ ನಡೆಸುತ್ತಾರೆ, ತಿಂಗಳ ಐದನೇ ತಾರೀಖು ದುಡ್ಡು ಕೂಡುತ್ತದೆ, ಯಾರ ಹೆಸರು ಬರುತ್ತದೋ ಅವರಿಗೆ. ಹದಿನೈದು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಲ್ಲ, ಕೊರೋನಾದಲ್ಲೂ ತಪ್ಪಿಲ್ಲ. "ಬಾವೀನೂ ಅದರಾಗೇ ಹಾಕೋಣ" ಎಂದಳು. "ಯಾರ ಭೀಸಿ ಎದ್ದದ ಅವರ ಮನಿಯವರು ಆ ತಿಂಗಳ ಬಾವಿ ನೋಡಬೇಕು. ರೊಕ್ಕ ತಗೊಂಡು ಇಲ್ಲ ಅನ್ನಾಕ ಯಾರಿಗೆ ಮುಖ ಇರ್ತದ?" ಕೆಲಸ ಜಾಸ್ತಿಯೇನಿಲ್ಲ. ತೇಲುವ ಕಸ ಬಲೆಯಲ್ಲಿ ಎತ್ತೋದು, ಜಾಲಿ ನೋಡೋದು, ಮಳೆಗೆ ಮುಂಚೆ ಮಾಳಿಗೆಯ ನೀರು ಬಾವಿಗೆ ಬರುವ ಪೈಪು ತೊಳೆಯೋದು, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರು ಎಷ್ಟು ಅಡಿಗಿದೆ ಅಂತ ಭೀಸಿ ಪುಸ್ತಕದಲ್ಲೇ ಬರೆಯೋದು.

ಫೆಬ್ರವರಿಯಲ್ಲಿ ಮೊದಲ ಚೀಟಿ ನಮ್ಮದೇ ಎದ್ದಿತು. (ಮೋಸ ಇಲ್ಲ, ಮಗು ಕೈಯಲ್ಲಿ ಎತ್ತಿಸಿದ್ದು.) ಭಾನುವಾರ ಮುಂಜಾನೆ ಜಾಲಿ ಎತ್ತಿ ಒಳಗೆ ಬಗ್ಗಿದೆ. ಮೂರು ಬಕೆಟ್ ಕಸ ಬಂತು, ಹೆಚ್ಚಿನದು ಗುಟ್ಕಾ ಚೀಟಿ. ತಂತಿಯಿಂದ ಜಾಲಿಯ ಮೂಲೆ ಹೊಲಿದೆ. ಹಗ್ಗ ಇಳಿಬಿಟ್ಟೆ, 31 ಅಡಿಗೆ ಕಲ್ಲು ನೀರು ಮುಟ್ಟಿತು. ಪುಸ್ತಕದಲ್ಲಿ ಬರೆದೆ, ಹೆಂಡತಿ ಅದರ ಕೆಳಗೆ ಸಹಿ ಮಾಡಿಸಿಕೊಂಡಳು.

ಈ ತಿಂಗಳ ಚೀಟಿ ಎದುರು ಮನೆಯ ಮಾಮಿಯದು. ದುಡ್ಡು ಅವತ್ತೇ ಎಣಿಸಿಕೊಂಡು ಹೋಗಿದ್ದಾರೆ. ಮೊಣಕಾಲು ನೋಯ್ತದ, ಮುಂದಿನ ವಾರ ನೋಡೋಣ ಅಂತ ನಿನ್ನೆ ಮೊಮ್ಮಗನ ಕೈಯಲ್ಲಿ ಹೇಳಿ ಕಳಿಸಿದ್ದಾರೆ. ನನ್ನ ಹೆಂಡತಿ ಪುಸ್ತಕ ಹಿಡಿದುಕೊಂಡು ಈಗ ಅವರ ಮನೆಗೇ ಹೋಗಿದ್ದಾಳೆ.