ಉಪ್ಪಾದ ಎಣ್ಣಿಗಾಯಿ, ಪಾಪದ ಬಟಾಟಿ

ಹೋದ ಐತವಾರದ ಕಥಿ ಇದು. ಹೆಂಡ್ತಿ ತವರಮನಿಗೆ ಹೋಗ್ಯಾಳ, ನಾನು ಇಲ್ಲಿ ವಿಜಯಪುರದಾಗ ಒಬ್ಬಾಂವನ, ಬ್ರೆಡ್ಡು ಆಮ್ಲೆಟ್ಟು ಅಂತ ದಿನಾ ದೂಡಾಕತ್ತಿದ್ದೆ. ಮುಂಜಾನೆ ಅಕ್ಕನ ಫೋನು. "ನಾವು ಬಾಗಲಕೋಟಿ ಬಿಟ್ಟೀವಿ, ಮಧ್ಯಾಹ್ನ ಊಟಕ್ಕ ನಿನ್ನ ಕಡೇನ ಬರ್ತೀವಿ, ಹೊಟೇಲಿಂದ ಏನೂ ತರಬ್ಯಾಡ ಮತ್ತ, ಎಣ್ಣಿಗಾಯಿ ಮಾಡು ಸಾಕು, ನಿಮ್ಮ ಮಾಮಾಗ ಆಸಿ ಆಗೈತಿ" ಅಂತ.

ಎಣ್ಣಿಗಾಯಿ ನನಗ ಬರತೈತಿ, ಸುಳ್ಳ ಹೇಳೂದಿಲ್ಲ. ಅರ್ಧ ಕೆಜಿ ಎಳೀ ಬದನಿಕಾಯಿ ತಂದೆ, ರೊಟ್ಟಿ ಸೆಂಟರಿನಿಂದ ಇಪ್ಪತ್ತು ರೊಟ್ಟಿ ಕಟ್ಟಿಸಿಕೊಂಡೆ. ಬದನಿಕಾಯಿ ನಾಕ ಸೀಳು ಮಾಡಿ ಕಪ್ಪ ಆಗಬಾರ್ದಂತ ಉಪ್ಪಿನ ನೀರಾಗ ಹಾಕಿಟ್ಟೆ. ಇನ್ನ ಮಸಾಲಿಗೆ ಶೇಂಗಾ ಹುರೀಬೇಕು, ಸಿಪ್ಪಿ ತಗೀಬೇಕು, ಟೈಮ್ ಇಲ್ಲ, ನೋಡಿದ್ರ ಡಬ್ಬಿಯಾಗ ಶೇಂಗಾ ಹಿಂಡಿ, ಅಂದ್ರ ರೊಟ್ಟಿಗೆ ಹಚ್ಕೊಳ್ಳೋ ಶೇಂಗಾ ಚಟ್ನಿಪುಡಿ ಇತ್ತು, ಹೆಂಗೂ ಶೇಂಗಾನ ಅಲ್ಲ ಅಂತ ಒಂದು ವಾಟಗಾ ಅದನ್ನ ಸುರಿದೆ. ಗುರೆಳ್ಳು, ಒಣಕೊಬ್ಬರಿ, ಹುಣಸಿಹಣ್ಣು, ಬೆಲ್ಲ, ಮನಿ ಮಸಾಲಿ ಖಾರ, ಕಡೀಕ ಯಾವಾಗಿನ ಅಳತಿ ಪ್ರಕಾರ ಉಪ್ಪು. ತುಂಬಿ, ಕಡಾಯಿಗೆ ಇಳಿಸಿ, ಎಣ್ಣಿ ಬಿಟ್ಟಮ್ಯಾಲ ಒಂದು ಚಮಚ ಅಂಗೈಗೆ ಹಾಕ್ಕೊಂಡು ನೆಕ್ಕಿದೆ ನೋಡ್ರಿ, ನಾಲಿಗಿ ಒಳಗ ಹೋಗಿಬಿಡ್ತು!

ಆವಾಗ ಲೆಕ್ಕ ಹತ್ತಿತು. ಹಿಂಡಿಯಾಗ ಉಪ್ಪು ಮೊದಲ ಇರತೈತಿ. ಮಸಾಲಿ ಖಾರ ಕೆಡಬಾರ್ದಂತ ಅವ್ವ ಅದಕ್ಕೂ ಉಪ್ಪು ಹಾಕೇ ಕುಟ್ಟಿಸಿರ್ತಾಳ. ನೆನಸಿದ ನೀರಿಂದು ಬ್ಯಾರೆ. ಇಷ್ಟರ ಮ್ಯಾಲ ನನ್ನ ಚಮಚ. ಅದರಾಗ ನಾನು ಕಲಿತ ಅಳತಿ ಅವ್ವನ ಹಳ್ಳುಪ್ಪಿಂದು, ನಮ್ಮ ಮನ್ಯಾಗ ಇರೋದು ಪುಡಿ ಉಪ್ಪು. ಹಳ್ಳುಪ್ಪಿನ ನಡುವ ಗಾಳಿ ಇರತೈತಿ, ಪುಡಿ ಒತ್ತಿ ಕುಂತಿರತೈತಿ, ಚಮಚ ಒಂದ ಆದ್ರೂ ತೂಕ ಒಂದಲ್ಲ.

ಎಲ್ಲಾರಿಗೂ ಗೊತ್ತಿರೋ ಉಪಾಯ ಅಂದ್ರ ಬಟಾಟಿ. ಎರಡು ಬಟಾಟಿ ಹೋಳ ಮಾಡಿ ಹಾಕಿ ಇಪ್ಪತ್ತು ನಿಮಿಷ ಕುದಿಸಿದೆ. ಬಟಾಟಿ ಚಲೋ ರುಚಿ ಆಯ್ತು, ರಸ ಮಾತ್ರ ಇದ್ದಂಗ ಇತ್ತು, ಕುದ್ದು ನೀರು ಇಂಗಿದ್ದಕ್ಕ ಇನ್ನೊಂದೀಟು ಉಪ್ಪ ಆಗಿತ್ತು ಅಂದ್ರೂ ನಡೀತೈತಿ. ಬಟಾಟಿ ಉಪ್ಪನ್ನ ಅಷ್ಟ ಆರಿಸಿ ಎಳಕೊಳ್ಳೋದಿಲ್ಲಲ್ಲ. ಅದರೊಳಗ ಇರೋ ಸಪ್ಪನ್ನ ನೀರಿಗೆ ಒಂದಿಷ್ಟು ಉಪ್ಪು ಸೇರತೈತಿ, ಆದ್ರ ಎರಡು ಬಟಾಟಿಯಾಗ ಎಷ್ಟ ಹಿಡಿದೀತು? ಹಿಟ್ಟಿನ ಉಂಡಿ ಬಿಡೋದೂ ಇದ ಜಾತಿ. ಸಪ್ಪನ್ನ ಸಾಮಾನು ಒಳಗ ಬಂತು ಅನ್ನೋದಷ್ಟ ಅದರ ಉಪಯೋಗ.

ಅವ್ವಗ ಫೋನ್ ಹಚ್ಚಿದೆ. ಮೊದಲು ಒಂದು ನಿಮಿಷ ನಕ್ಕಳು. ಆಮ್ಯಾಲ, "ತಮ್ಮಾ, ಬಿದ್ದ ಉಪ್ಪು ತಗ್ಯಾಕ ಬರೂದಿಲ್ಲೋ, ಪಲ್ಯಾ ಹೆಚ್ಚು ಮಾಡು. ಕಾಯಿ ಎತ್ತಿ ಒಂದ ಕಡೆ ಇಡು, ಅರ್ಧ ರಸ ತಗದು ಡಬ್ಬಿಗೆ ಹಾಕು, ಉಳಿದ ಅರ್ಧಕ್ಕ ಹೊಸಾ ಮಸಾಲಿ ಕೂಡಸು, ಉಪ್ಪಿನ ಡಬ್ಬಿ ಮುಟ್ಟೀಯಾ ಮತ್ತ!"

ಮೊದಲ ಶೇಂಗಾ ಹುರದಿದ್ರ ಈ ಗೋಳ ಇರತಿರಲಿಲ್ಲ, ಈಗ ಹುರದೆ. ಒಂದು ವಾಟಗಾ ಶೇಂಗಾ, ಎರಡು ಚಮಚ ಗುರೆಳ್ಳು ಪುಡಿ ಮಾಡಿ, ಎರಡು ಉಳ್ಳಾಗಡ್ಡಿ ಕೆಂಪಗ ಹುರಿದು ಅರದು, ಎಲ್ಲಾ ಸಪ್ಪನ್ನದು, ಬಿಸಿನೀರು ಹಾಕಿ ಆ ಅರ್ಧ ರಸಕ್ಕ ಕೂಡಿಸಿದೆ. ಬೇಕಾಗಿದ್ದರ ಹೆಚ್ಚು ಕಡಿಮಿ ಎರಡರಷ್ಟು ಉಪ್ಪು ಬಿದ್ದಿತ್ತಂತ ನನ್ನ ಅಂದಾಜು, ಅರ್ಧ ತಗದು ಅಷ್ಟ ಹೊಸಾದು ಕೂಡಿಸಿದ್ರ ಲೆಕ್ಕ ಸರಿ ಬರಬೇಕು. ಹತ್ರ ಹತ್ರ ಬಂತು. ಚೂರ ಹುಣಸಿ ರಸ, ಸಣ್ಣ ತುಣುಕು ಬೆಲ್ಲ ಹಾಕಿದ ಮ್ಯಾಲ ತಿನ್ನಂಗ ಆಯ್ತು. ಬೆಲ್ಲಾ ಹುಳಿ ಹಾಕಿದ್ರ ಉಪ್ಪು ಕಡಿಮಿ ಆಗೋದಿಲ್ಲ, ನಾಲಿಗಿಗೆ ಮೋಸ ಅಷ್ಟ. ಬಿಪಿ ಇದ್ದಾವರಿಗೆ ಈ ಮೋಸ ಮಾಡಬ್ಯಾಡ್ರಿ, ದಿನಕ್ಕ 5 ಗ್ರಾಂ ಒಳಗ ಉಪ್ಪು ಇರಬೇಕು ಅಂತೈತಿ ವಿಶ್ವ ಆರೋಗ್ಯ ಸಂಸ್ಥೆ, ಅಂದ್ರ ಇಡೀ ದಿನಕ್ಕ ಸಣ್ಣದೊಂದು ಟೀ ಚಮಚ. ನಾನು ಒಂದ ಹೊತ್ತಿಗೆ ಎಷ್ಟು ಸುರದಿದ್ನೋ ದೇವರಿಗೇ ಗೊತ್ತು.

ಮೊಸರು ಕುದಿಯೋ ರಸಕ್ಕ ಹಾಕಬ್ಯಾಡ್ರಿ, ಒಡೀತೈತಿ. ತಾಟಿನಾಗ ಹಾಕ್ರಿ. ಊಟಕ್ಕ ಕುಂತಾಗ ನನಗೊಂದು ಹೊಳೀತು. ನಮ್ಮ ಕಡೆ ತಾಟು ಇದಕ್ಕಂತ ಕಟ್ಟಿದಂಗ ಐತಿ ನೋಡ್ರಿ. ಜ್ವಾಳದ ರೊಟ್ಟಿಗೆ ಉಪ್ಪ ಇಲ್ಲ. ಸೌತಿಕಾಯಿ, ಹಸಿ ಮೆಂತೆಪಲ್ಯಾ, ಹಕ್ಕರಕಿ, ಹಸಿ ಉಳ್ಳಾಗಡ್ಡಿ, ಯಾವದಕ್ಕೂ ಉಪ್ಪ ಇಲ್ಲ. ಪಲ್ಯಾ ಒಂದು ಕೈ ಮುಂದ ಹೋದ್ರೂ ರೊಟ್ಟಿ ಹಿಡಕೊಂಡು ಎಳೀತೈತಿ. ಅನ್ನಕ್ಕ, ಅದೂ ಉಪ್ಪು ಹಾಕಿ ಮಾಡಿದ ಪುಲಾವಿಗೆ ಕಲಸಿದ್ರ ಕಥಿ ಬ್ಯಾರೆ ಇರತಿತ್ತು.

ಅಕ್ಕ ಒಂದ ತುತ್ತಿಗೇ ಕಂಡ ಹಿಡದಳು, ಆದ್ರ ಬಾಯಿ ಬಿಡಲಿಲ್ಲ, ಕಣ್ಣಾಗ ನಕ್ಕಳು. ಮಾಮಾ ಮಾತ್ರ ನಾಕು ರೊಟ್ಟಿ ಹೊಡದ್ರು, ಮೂರನೇ ತಂಬಗಿ ನೀರು ಕೇಳಿದಾಗ ನಾನು "ಯಾಕ್ರೀ ಮಾಮಾ, ಉಪ್ಪ ಆಗೈತೇನ್ರಿ" ಅಂದೆ. "ಏ ಇಲ್ಲಪಾ, ಉಪ್ಪ ತಿಂದಾಂವ ನೀರ ಕುಡೀಬೇಕಲ್ಲ" ಅಂದು ಮತ್ತೊಂದು ಬದನಿಕಾಯಿ ಹಾಕಿಸ್ಕೊಂಡ್ರು. ಅದು ಹೊಗಳಿಕಿನೋ ಏನೋ ಇನ್ನೂ ತಿಳಿವಲ್ದು.

ಡಬ್ಬಿಗೆ ತಗದಿಟ್ಟ ಅರ್ಧ ರಸ ರಾತ್ರಿ ಸಪ್ಪನ್ನ ತೊಗರಿ ಬ್ಯಾಳಿ ಕುದಿಸಿ ಅದಕ್ಕ ಕೂಡಿಸಿದೆ, ಮ್ಯಾಲ ಬಳ್ಳೊಳ್ಳಿ ಒಗ್ಗರಣಿ, ಎರಡು ದಿನದ ಸಾರು. ಖರೇ ಹೇಳ್ತೀನಿ, ಎಣ್ಣಿಗಾಯಿಕಿಂತ ಅದ ಚಲೋ ಆಗಿತ್ತು.

ಉಳಿದಿದ್ದು ಆ ಬಟಾಟಿ ಹೋಳು. ಒಗ್ಯಾಕ ಮನಸಾಗಲಿಲ್ಲ. ಮರುದಿನ ಮುಂಜಾನೆ ಅವಲಕ್ಕಿಗೆ ಹಾಕಿದೆ, ಅವು ಉಪ್ಪು ಕುಡದಾವಲ್ಲ ಅಂತ ಬ್ಯಾರೆ ಉಪ್ಪು ಹಾಕಲೇ ಇಲ್ಲ.

ಅವಲಕ್ಕಿ ಸಪ್ಪಗಾಗಿತ್ತು.